ಮುಂದಿನ ಕೆಂಪು ವೈನಿನ ತಳದಲ್ಲಿ ಗಸಿ ಇರುತ್ತದೆ: ಗ್ರಾಹಕರಿಗೊಂದು ಪತ್ರ

ಪ್ರಿಯ ಗ್ರಾಹಕರೇ,

ಇನ್ನು ಮುಂದೆ ನಮ್ಮ ಕೆಂಪು ವೈನ್ ಬಾಟಲಿಯ ತಳದಲ್ಲಿ ಕಂದು ಗಸಿ ಕಾಣಿಸಬಹುದು. ಕಾರ್ಕಿನ ಒಳಬದಿಗೆ ಮಿನುಗುವ ಸಣ್ಣ ಹರಳುಗಳು ಅಂಟಿಕೊಂಡಿರಬಹುದು. ವೈನ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಕೆಂಪು ವೈನನ್ನು ಸೋಸದೆಯೇ ಬಾಟಲಿಗೆ ತುಂಬಲು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ. ಬಾಟಲಿ ತೆಗೆದ ಮೇಲೆ ಅನುಮಾನ ಬರುವುದಕ್ಕಿಂತ ಮೊದಲೇ ಗೊತ್ತಿರಲಿ ಅಂತ ಈ ಪತ್ರ.

ಇಲ್ಲಿಯವರೆಗೆ ನಡೆಯುತ್ತಿದ್ದದ್ದು ಹೀಗೆ. ಪೀಪಾಯಿಯಲ್ಲಿ ಮಾಗಿದ ವೈನಿಗೆ ಮೊಟ್ಟೆಯ ಬಿಳಿ ಬೆರೆಸುತ್ತಿದ್ದೆವು. 225 ಲೀಟರಿನ ಪೀಪಾಯಿಗೆ ನಾಲ್ಕೈದು ಮೊಟ್ಟೆ ಸಾಕು. ಬಿಳಿಯ ಪ್ರೋಟೀನು ಒಗರಿನ ಟ್ಯಾನಿನ್‌ಗೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ಆಮೇಲೆ ಹರಳುಗಳು ತೊಟ್ಟಿಯಲ್ಲೇ ಕಟ್ಟಿಕೊಳ್ಳಲಿ ಅಂತ ಅದನ್ನು ಮೈನಸ್ 4 ಡಿಗ್ರಿಯ ಆಸುಪಾಸಿಗೆ ತಣಿಸಿ ದಿನಗಟ್ಟಲೆ ಇಡುವುದು. ಕೊನೆಗೆ ಫಿಲ್ಟರ್.

ನಮ್ಮದು ಸಾವಯವ ವೈನ್. ಸಾವಯವ ಅಂದಮೇಲೆ ಫಿಲ್ಟರ್ ಮಾಡುವಂತಿಲ್ಲ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2012ಕ್ಕೆ ಮುಂಚೆ ಸಾವಯವ ಅನ್ನುವ ಮಾತು ದ್ರಾಕ್ಷಿಗೆ ಮಾತ್ರ ಸಲ್ಲುತ್ತಿತ್ತು. ವೈನ್ ಮಾಡುವ ಕೆಲಸಕ್ಕೂ ನಿಯಮ ಬಂದದ್ದು ಆ ವರ್ಷವೇ. ಅದರಲ್ಲೂ ಫಿಲ್ಟರಿಗೆ ಅವಕಾಶವಿದೆ, ರಂಧ್ರ 0.2 ಮೈಕ್ರಾನಿಗಿಂತ ಸಣ್ಣದಿರಬಾರದು ಅಷ್ಟೆ. ಹಾಗಾಗಿ ಸರ್ಟಿಫಿಕೇಟಿಗೋಸ್ಕರ ನಾವು ಇದನ್ನು ಬಿಡುತ್ತಿಲ್ಲ.

ಬಿಡುತ್ತಿರುವುದು ರುಚಿಗೋಸ್ಕರ. ಒಂದೇ ಪೀಪಾಯಿಯ ವೈನನ್ನು ಸೋಸಿ ಒಂದು ಲೋಟಕ್ಕೆ, ಸೋಸದೆ ಇನ್ನೊಂದಕ್ಕೆ ಹಾಕಿ ಕುಡಿದು ನೋಡಿದೆವು. ಸೋಸದ್ದು ಬಾಯಿ ತುಂಬುತ್ತಿತ್ತು. ಒಗರೂ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಒಂದೆರಡು ವರ್ಷ ಇಟ್ಟರೆ ಮೆತ್ತಗಾಗುತ್ತದೆ, ತಂದ ದಿನವೇ ತೆರೆಯುವವರಿಗೆ ಸ್ವಲ್ಪ ಒರಟು ಅನ್ನಿಸಬಹುದು.

ನಮ್ಮ ಹಿರಿಯರ ಹತ್ತಿರ ಫಿಲ್ಟರ್ ಇರಲೇ ಇಲ್ಲ. ಚಳಿಗಾಲ ಪೂರ್ತಿ ಪೀಪಾಯಿ ಅಲುಗಿಸದೆ ಬಿಟ್ಟು, ಮೇಲಿನ ತಿಳಿಯನ್ನು ಇನ್ನೊಂದಕ್ಕೆ ಬಸಿಯುತ್ತಿದ್ದರು. ಕೆಲವು ತಿಂಗಳು ಬಿಟ್ಟು ಮತ್ತೆ ಅದೇ ಕೆಲಸ. ಮೋಡ ಕವಿದ ದಿನ ಪೀಪಾಯಿ ಮುಟ್ಟಬೇಡಿ ಅನ್ನುತ್ತಿದ್ದರು. ಸುಮ್ನೆ ಮೂಢನಂಬಿಕೆ ಅನ್ನಿಸುತ್ತದೆ, ಅಲ್ವಾ? ಆದರೆ ಗಾಳಿಯ ಒತ್ತಡ ಇಳಿದಾಗ ವೈನಿನಲ್ಲಿ ಕರಗಿದ ಅನಿಲ ಗುಳ್ಳೆಯಾಗಿ ಹೊರಬರುತ್ತದೆ, ಅದರ ಜೊತೆ ಗಸಿಯೂ ಕದಡಿ ಮೇಲೇಳುತ್ತದೆ ಅನ್ನುವ ಲೆಕ್ಕ ಆ ಮಾತಿನ ಹಿಂದಿದೆ. ಈಗ ನಾವೂ ಆಕಾಶ ನೋಡಿಕೊಂಡೇ ಬಸಿಯುತ್ತಿದ್ದೇವೆ. ತಣಿಸುವ ಕರೆಂಟು ಉಳಿಯುತ್ತದೆ, ಕೆಲಸ ಮಾತ್ರ ಹೆಚ್ಚು. ಮೊಟ್ಟೆ ಬೇಡ ಅನ್ನುವವರಿಗೆ ಒಂದು ಒಳ್ಳೆಯ ಸುದ್ದಿ: ಇನ್ನು ಕೆಂಪು ವೈನಿಗೆ ಮೊಟ್ಟೆ ಸೋಕಿಸುವುದಿಲ್ಲ.

ಬಿಳಿ ವೈನ್ ಹಿಂದಿನಂತೆಯೇ ಸೋಸಿ ಬರುತ್ತದೆ. ಅದರಲ್ಲಿ ಸ್ವಲ್ಪ ಸಕ್ಕರೆ ಉಳಿಸುತ್ತೇವೆ. ಚೂರು ಯೀಸ್ಟ್ ಉಳಿದರೂ ಸಾಕು, ಬಾಟಲಿಯೊಳಗೇ ಮತ್ತೆ ಹುದುಗಲು ಶುರುವಾಗಿ ಕಾರ್ಕ್ ಹಾರಬಹುದು. ಕೆಂಪಿನಲ್ಲಿ ಯೀಸ್ಟ್ ತಿನ್ನುವ ಸಕ್ಕರೆ ಹೆಚ್ಚುಕಡಿಮೆ ಮುಗಿದಿರುತ್ತದೆ. ದ್ರಾಕ್ಷಿಯ ಹುಳಿಯಾದ ಮ್ಯಾಲಿಕ್ ಆಮ್ಲವನ್ನೂ ಬ್ಯಾಕ್ಟೀರಿಯಾ ಆಗಲೇ ಲ್ಯಾಕ್ಟಿಕ್ ಆಮ್ಲ ಮಾಡಿರುತ್ತದೆ. ಹಾಗಾಗಿ ಬಾಟಲಿಯೊಳಗೆ ಮತ್ತೆ ಹುದುಗುವ ಅಪಾಯ ಕಡಿಮೆ.

ವೈನ್ ಕೆಡದಂತೆ ಹಾಕುವ ಸಲ್ಫೈಟ್ ಪ್ರಮಾಣದಲ್ಲೂ ಬದಲಾವಣೆ ಇಲ್ಲ. ಸಾವಯವ ಕೆಂಪು ವೈನಿಗೆ ಯುರೋಪಿನ ಮಿತಿ ಲೀಟರಿಗೆ 100 ಮಿಲಿಗ್ರಾಂ, ಮಾಮೂಲಿ ಕೆಂಪಿಗೆ 150. ನಾವು 100ರ ಒಳಗೇ ಇದ್ದೇವೆ. ಅದನ್ನೂ ಪೂರ್ತಿ ಬಿಡಿ ಅನ್ನುವವರಿದ್ದಾರೆ. ಹಾಕದಿದ್ದರೂ ಹುದುಗುವಾಗ ಯೀಸ್ಟೇ ಒಂದಿಷ್ಟು ಸಲ್ಫೈಟ್ ಮಾಡುತ್ತದೆ. ಅದಿರಲಿ, ಸೋಸದ ವೈನನ್ನು ಸಲ್ಫೈಟೂ ಇಲ್ಲದೆ ದೂರದೂರಕ್ಕೆ ಕಳಿಸುವ ಧೈರ್ಯ ನಮಗಿಲ್ಲ.

ಇನ್ನು ಆ ಹರಳುಗಳು. ಜನ ಹೆಚ್ಚು ಹೆದರುವುದು ಇವಕ್ಕೇ, ಗಾಜಿನ ಚೂರು ಅಂದುಕೊಂಡು. ದ್ರಾಕ್ಷಿಯಲ್ಲೇ ಇರುವ ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಸೇರಿ, ತಂಪಿನಲ್ಲಿ ಕರಗಿರಲಾರದೆ ಹರಳುಗಟ್ಟುತ್ತದೆ. ಕೇಕ್ ಮಾಡುವವರು ಬಳಸುವ ಕ್ರೀಮ್ ಆಫ್ ಟಾರ್ಟರ್ ಇದೇ. ಅನುಮಾನವಿದ್ದರೆ ಹರಳನ್ನು ಬಿಸಿನೀರಿಗೆ ಹಾಕಿ ಕಲಕಿ. ಟಾರ್ಟರ್ ಆದರೆ ಕರಗುತ್ತದೆ. ಕರಗದೆ ಉಳಿದರೆ ಆ ವೈನ್ ಕುಡಿಯಬೇಡಿ, ತಕ್ಷಣ ನಮಗೆ ತಿಳಿಸಿ.

ಕುಡಿಯುವ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ. ಬಗ್ಗಿಸುವಾಗ ಕುತ್ತಿಗೆಯ ಹಿಂದೆ ಒಂದು ಬೆಳಕು ಇರಲಿ. ನಿಧಾನವಾಗಿ, ಒಂದೇ ಸಮನೆ ಬಗ್ಗಿಸಿ. ಮಧ್ಯೆ ಮಧ್ಯೆ ಬಾಟಲಿ ಎತ್ತಿದರೆ ಗಸಿ ಕದಡುತ್ತದೆ. ಕಂದು ಗೆರೆ ಕುತ್ತಿಗೆಯ ಹತ್ತಿರ ಬಂದ ಕೂಡಲೇ ನಿಲ್ಲಿಸಿ. ತಳದ ಒಂದೆರಡು ಗುಟುಕು ಹೋಗುತ್ತದೆ, ಹೋಗಲಿ. ಅಕಸ್ಮಾತ್ ಕುಡಿದರೂ ತೊಂದರೆಯಿಲ್ಲ, ನಾಲಿಗೆಗೆ ಮರಳು ಸಿಕ್ಕಂತಾಗುತ್ತದೆ ಅಷ್ಟೆ. ಬಾಟಲಿಗಳನ್ನು 12ರಿಂದ 15 ಡಿಗ್ರಿಯ ತಂಪಿನಲ್ಲಿಡಿ. ಸೋಸದ ವೈನಿಗೆ ಸೆಖೆ ಸ್ವಲ್ಪವೂ ಆಗುವುದಿಲ್ಲ.

ಸೋಸಿದ ಹಳೆಯ ಕೆಂಪು ಇನ್ನೂ ಒಂದಿಷ್ಟು ಉಳಿದಿದೆ. ಅದೇ ಬೇಕು ಅನ್ನುವವರು ಆರ್ಡರ್ ಕೊಡುವಾಗ ಹೇಳಿ, ಮುಗಿಯುವ ತನಕ ಕಳಿಸುತ್ತೇವೆ. ಹೊಸದರ ಹಿಂಬದಿಯ ಲೇಬಲ್ ಮೇಲೆ ‘ಸೋಸಿಲ್ಲ’ ಎಂದಿರುತ್ತದೆ. ಹೋಟೆಲ್ ನಡೆಸುವವರು ಬಡಿಸುವ ಹುಡುಗರಿಗೆ ಇದನ್ನೊಮ್ಮೆ ಹೇಳಿಕೊಡಿ. ಗಸಿ, ಹರಳು ಬಿಟ್ಟು ಬೇರೆ ತೊಂದರೆ ಕಂಡರೆ, ಅಂದರೆ ನೊರೆ ಬಂದರೆ, ವಿನೆಗರ್ ವಾಸನೆ ಹೊಡೆದರೆ, ಲೇಬಲ್ಲಿನ ಬ್ಯಾಚ್ ನಂಬರಿನ ಫೋಟೋ ಕಳಿಸಿ. ಬೇರೆ ಬಾಟಲಿ ಕಳಿಸಿಕೊಡುತ್ತೇವೆ.

ಇಂತಿ,
ತೋಟದ ಮನೆಯವರೆಲ್ಲರೂ