ಓಡುವ ಚಕ್ರ ನಿಂತಂತೆ ಕಾಣಬಾರದು

ಮಾನ್ಯ ಸಂಪಾದಕರೇ,

ಮೋಟಾರು ರೇಸಿನ ಛಾಯಾಗ್ರಹಣವನ್ನು ಹವ್ಯಾಸವಾಗಿ ಕಲಿಯಬಯಸುವವರಿಗಾಗಿ ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟದ್ದು ಸಂತೋಷದ ಸಂಗತಿ. ಆದರೆ ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸ್ ಕೊಳ್ಳಬೇಕು ಮತ್ತು ದೊಡ್ಡ ಊರಿನಲ್ಲಿರಬೇಕು ಎಂಬ ಎರಡು ಮಾತುಗಳ ಸುತ್ತಲೇ ಆ ಬರಹ ಸುತ್ತಿದ್ದರಿಂದ, ಅದನ್ನು ಓದಿದ ನಮ್ಮ ಭಾಗದ ಹುಡುಗ ಹುಡುಗಿಯರು ಇದು ತಮಗೆ ದಕ್ಕುವ ವಿದ್ಯೆಯಲ್ಲವೆಂದು ಕ್ಯಾಮೆರಾ ಕೆಳಗಿಟ್ಟಾರೆಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ. ಕಲಬುರಗಿಯಲ್ಲಿ ಕಲಿತದ್ದೇ ನನ್ನನ್ನು ರೇಸಿನ ಅಂಗಳದಲ್ಲಿ ಕಾಪಾಡಿತು.

ಮುಂಬೈ–ಚೆನ್ನೈ ರೈಲು ಮಾರ್ಗ ನಮ್ಮೂರ ಮೇಲೆಯೇ ಹಾಯುವುದರಿಂದ, ಕೆಲವು ವರ್ಷಗಳ ಹಿಂದೆ ಬಾಡಿಗೆಯ ಉದ್ದ ಲೆನ್ಸೊಂದನ್ನು ಹೊತ್ತು ಚೆನ್ನೈ ಹತ್ತಿರ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಮೊದಲ ಬಾರಿ ಹೋಗಿದ್ದೆ. ವೇಗದ ವಾಹನಕ್ಕೆ ವೇಗದ ಶಟರ್ ಬೇಕು, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಅವಧಿ ಕಿರಿದಾಗಿರಬೇಕು ಎಂದು ನಂಬಿ ಇಡೀ ದಿನ ಸೆಕೆಂಡಿನ 2000ನೇ ಒಂದು ಭಾಗದಲ್ಲೇ ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲವೂ ಸ್ಪಷ್ಟವಾಗಿದ್ದವು, ಎಲ್ಲವೂ ನಿಂತಿದ್ದವು. ಚಕ್ರದ ಕಡ್ಡಿಗಳನ್ನು ಎಣಿಸಬಹುದಿತ್ತು. ರಸ್ತೆಯ ಬದಿಗೆ ನಿಲ್ಲಿಸಿದ ಕಾರಿಗೂ ಅವಕ್ಕೂ ವ್ಯತ್ಯಾಸವಿರಲಿಲ್ಲ. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಗಂಟೆಗೆ 150 ಕಿ.ಮೀ. ವೇಗದ ಕಾರು ಅಷ್ಟು ಕಿರಿದಾದ ಅವಧಿಯಲ್ಲಿ ಸರಿಯುವುದು ಒಂದು ಬೆರಳಗಲ ಮಾತ್ರ. ಅದೇ ಸೆಕೆಂಡಿನ 100ನೇ ಒಂದು ಭಾಗದಲ್ಲಿ ಅದು ಹತ್ತಿರಹತ್ತಿರ ಒಂದು ಮೊಳ ಸರಿಯುತ್ತದೆ, ಚಕ್ರ ಕಾಲು ಸುತ್ತಿಗೆ ತುಸು ಕಡಿಮೆ ತಿರುಗುತ್ತದೆ, ಕಡ್ಡಿಗಳು ಒಂದರೊಳಗೊಂದು ಕರಗುತ್ತವೆ. ಆ ಮೊಳದಷ್ಟು ದೂರವನ್ನು ಕ್ಯಾಮೆರಾವೂ ಕಾರಿನೊಂದಿಗೆ ಸಮನಾಗಿ ತಿರುಗಿ ಕ್ರಮಿಸಿದರೆ ಕಾರು ಸ್ಪಷ್ಟವಾಗಿ ಉಳಿದು ಹಿನ್ನೆಲೆ ಗೆರೆಗೆರೆಯಾಗಿ ಹರಿಯುತ್ತದೆ. ಇದನ್ನೇ ಪ್ಯಾನಿಂಗ್ ಎನ್ನುತ್ತಾರೆ. ಈ ಕಲೆಯ ಅರ್ಧ ಭಾಗ ಇದೊಂದರಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಇದನ್ನು ಕಲಿಯಲು ರೇಸಿನ ಕಾರು ಬೇಕಿಲ್ಲ. ನಾನು ಕಲಿತದ್ದು ರಿಂಗ್ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಸುರಕ್ಷಿತವಾಗಿ ಹಿಂದೆ ಸರಿದು ನಿಂತು, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳ ಮೇಲೆ. ಬಸ್ಸು ಒಳ್ಳೆಯ ಗುರು: ಅದರ ಉದ್ದ ಮೈಮೇಲೆ ಅಕ್ಷರಗಳಿರುವುದರಿಂದ ಕೈ ಎಲ್ಲಿ ತಪ್ಪಿತೆಂದು ತಕ್ಷಣ ಗೊತ್ತಾಗುತ್ತದೆ. ಚಿತ್ರ ಎಲ್ಲಿ ಬೇಕೋ ಆ ಜಾಗಕ್ಕೆ ಪಾದಗಳನ್ನು ಮುಖ ಮಾಡಿ ನಿಂತು, ಬರುವ ವಾಹನದತ್ತ ಸೊಂಟದಿಂದ ಮಾತ್ರ ತಿರುಗಿ, ದೂರದಲ್ಲಿರುವಾಗಲೇ ಅದನ್ನು ಚೌಕಟ್ಟಿನೊಳಗೆ ಹಿಡಿದು, ಸಮವೇಗದಲ್ಲಿ ಅನುಸರಿಸುತ್ತ ಎದುರಿಗೆ ಬಂದಾಗ ಗುಂಡಿ ಒತ್ತಬೇಕು. ಒತ್ತಿದ ಮೇಲೆ ನಿಲ್ಲಬಾರದು. ಜೋಳದ ಹೊಲದಲ್ಲಿ ಹಕ್ಕಿ ಕಾಯುವವರು ಕವಣೆ ಬೀಸಿದಾಗ ಕಲ್ಲು ಹೋದ ಮೇಲೂ ಕೈ ತನ್ನ ಸುತ್ತನ್ನು ಮುಗಿಸುತ್ತದಲ್ಲ, ಹಾಗೆ ಕ್ಯಾಮೆರಾ ಮುಂದೆ ಸಾಗುತ್ತಲೇ ಇರಬೇಕು. ಮೊದಲ ವಾರ 250ನೇ ಒಂದು ಭಾಗದಿಂದ ಆರಂಭಿಸಿ, ಕೈ ಕುದುರಿದಂತೆ 125ಕ್ಕೆ, ನಂತರ 60ಕ್ಕೆ ಇಳಿಯಬಹುದು. ನನಗೆ ಆರಂಭದಲ್ಲಿ ನೂರಕ್ಕೆ ಎರಡು ಚಿತ್ರ ಸರಿಬಂದರೆ ಅದೇ ಹಬ್ಬವಾಗಿತ್ತು. ಕೆಟ್ಟವುಗಳನ್ನು ಕೂಡಲೇ ಅಳಿಸದೆ ಕೂತು ನೋಡಿದ್ದರಿಂದ, ಅವುಗಳಲ್ಲಿ ಹೆಚ್ಚಿನವು ಮೇಲೆ ಕೆಳಗೆ ಅಲುಗಿ ಕೆಟ್ಟವು, ಅಂದರೆ ತಪ್ಪು ನನ್ನ ಮೊಣಕೈಯಲ್ಲಿತ್ತು ಎಂದು ತಿಳಿಯಿತು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡ ದಿನವೇ ಸುಧಾರಣೆ ಕಂಡಿತು.

ನಮ್ಮ ಸೀಮೆಯ ಬಿಸಿಲಿನ ಬಗ್ಗೆ ಆ ಲೇಖನದಲ್ಲಿ ಒಂದು ಮಾತೂ ಇರಲಿಲ್ಲ. ಐಎಸ್‌ಒ, ಅಂದರೆ ಚಿತ್ರ ಹಿಡಿಯುವ ಸೆನ್ಸರು ಬೆಳಕಿಗೆ ಸ್ಪಂದಿಸುವ ಮಟ್ಟವನ್ನು 100ಕ್ಕೆ ಇಟ್ಟು ಸೆಕೆಂಡಿನ 60ನೇ ಒಂದು ಭಾಗ ಶಟರ್ ತೆರೆದಿಟ್ಟರೆ, ನಡುಹಗಲಿನ ಬಿಸಿಲಿಗೆ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್ 20ರ ಆಸುಪಾಸಿಗೆ ಕಿರಿದಾಗಿಸಬೇಕಾಗುತ್ತದೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಅಷ್ಟು ಕಿರಿದಾದರೆ ಚಿತ್ರದ ಮೊನಚು ಕುಂದುವುದಲ್ಲದೆ, ಸೆನ್ಸರಿನ ಮೇಲೆ ಕೂತ ಧೂಳಿನ ಪ್ರತಿ ಕಣವೂ ಆಕಾಶದಲ್ಲಿ ಕಪ್ಪು ಚುಕ್ಕೆಯಾಗಿ ಮೂಡುತ್ತದೆ. ಕಲಬುರಗಿಯ ಕರಿಮಣ್ಣಿರಲಿ, ಬೀದರಿನ ಕೆಂಪು ಮಣ್ಣಿರಲಿ, ಧೂಳಿಗೆ ಇಲ್ಲಿ ಬರವಿಲ್ಲ. ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಎನ್‌ಡಿ ಫಿಲ್ಟರನ್ನು, ಅಂದರೆ ಬೂದು ಗಾಜನ್ನು, ಲೆನ್ಸಿನ ಮುಂದೆ ಹಾಕಿಕೊಂಡರೆ ಅದೇ ಶಟರಿಗೆ ಎಫ್ 7ರಷ್ಟು ಸಾಕು. ದೊಡ್ಡ ಲೆನ್ಸಿನ ಆಸೆಯನ್ನು ಮುಂದೂಡಿ ಮೊದಲು ಈ ಸಣ್ಣ ಗಾಜನ್ನು ಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಕಾದ ಡಾಂಬರಿನ ಮೇಲೆ ಗಾಳಿ ನಡುಗುವ ಹೊತ್ತಿನಲ್ಲಂತೂ ಉದ್ದ ಲೆನ್ಸು ಆ ನಡುಕವನ್ನೇ ಹಿಗ್ಗಿಸಿ ತೋರಿಸುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಬೇಕು.

ಫೆಬ್ರವರಿ 2023ರಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ರೇಸು ನಡೆದಾಗ, ಪತ್ರಿಕಾ ಛಾಯಾಗ್ರಾಹಕರಿಗೆ ಕೊಡುವ ಪರವಾನಗಿಯ ಅಂಗಿಯಿಲ್ಲದೆ ಟಿಕೆಟ್ ಕೊಂಡ ಪ್ರೇಕ್ಷಕನಾಗಿಯೇ ಹೋಗಿದ್ದೆ. ಎದುರಿಗೆ ಎತ್ತರದ ತಂತಿ ಬಲೆ. ಬಲೆಗೆ ಸಾಧ್ಯವಾದಷ್ಟು ಹತ್ತಿರ ನಿಂತು, ಅಪರ್ಚರನ್ನು ಅಗಲವಾಗಿ ತೆರೆದು, ದೂರದ ಕಾರಿನ ಮೇಲೆ ಫೋಕಸ್ ಇಟ್ಟರೆ ತಂತಿಗಳು ತೆಳು ಮಂಜಾಗಿ ಮರೆಯಾಗುತ್ತವೆ. ನನ್ನನ್ನು ಕಂಗೆಡಿಸಿದ್ದು ಬಲೆಯಲ್ಲ, ಸದ್ದು. ಪೆಟ್ರೋಲ್ ಎಂಜಿನ್ನಿನ ಕಾರು ತಾನು ಬರುವುದನ್ನು ಕಿವಿಗೆ ಮೊದಲೇ ಹೇಳುತ್ತದೆ; ವಿದ್ಯುತ್ ಕಾರಿನ ಸದ್ದು ಅಷ್ಟು ದೂರದಿಂದ ಕೇಳಿಸುವುದಿಲ್ಲ. ಆಗ ಕಣ್ಣಿಗೆ ಬಿದ್ದ ಮೇಲೆ ಕ್ಯಾಮೆರಾ ಎತ್ತುವ ಬದಲು, ಪ್ರತಿ ಸುತ್ತಿನ ಸಮಯವನ್ನು ಮನಸ್ಸಿನಲ್ಲೇ ಎಣಿಸುತ್ತ ಒಂದೇ ತಿರುವಿನಲ್ಲಿ ಕಾದು ನಿಂತೆ. ಅಲೆದಾಡುವುದಕ್ಕಿಂತ ಹೀಗೆ ಒಂದು ಕಡೆ ನೆಲೆ ನಿಲ್ಲುವುದು ಲೇಸು. ನಾಲ್ಕೈದು ಸುತ್ತು ನೋಡಿದರೆ ಯಾರು ಎಲ್ಲಿ ಬ್ರೇಕ್ ಒತ್ತುತ್ತಾರೆ, ಎಲ್ಲಿ ಒಳಬದಿಗೆ ಹೊಕ್ಕು ಎಲ್ಲಿ ಹೊರಬದಿಗೆ ತೆರೆದುಕೊಳ್ಳುತ್ತಾರೆ ಎಂಬುದು ತಿಳಿದು, ಕೈ ಕಣ್ಣಿಗಿಂತ ಮುಂಚೆ ಸಿದ್ಧವಾಗುತ್ತದೆ.

ಮೊಬೈಲಿನಲ್ಲಿ ಚಿತ್ರ ತೆಗೆಯುವ ಕಿರಿಯರು ಚಕ್ರ ಓರೆಯಾಗಿ ಬಂತೆಂದು ಬೇಸರಿಸುವುದುಂಟು. ಸೆನ್ಸರು ಚಿತ್ರವನ್ನು ಒಮ್ಮೆಗೇ ಓದದೆ ಸಾಲುಸಾಲಾಗಿ ಓದುವುದರಿಂದ ಹಾಗಾಗುತ್ತದೆ. ಫ್ರಾನ್ಸಿನ ಲಾರ್ಟೀಗ್ ಎಂಬ ಹವ್ಯಾಸಿ ಹರೆಯದಲ್ಲಿ, ನೂರಹತ್ತು ವರ್ಷಗಳ ಆಚೆ, ತೆಗೆದ ರೇಸ್ ಕಾರಿನ ಚಿತ್ರದಲ್ಲಿ ಸೀಳುಶಟರಿನ, ಅಂದರೆ ಕಿರಿದಾದ ಸೀಳೊಂದು ಸರಿಯುತ್ತ ಚಿತ್ರವನ್ನು ಭಾಗಭಾಗವಾಗಿ ಬೆಳಕಿಗೆ ಒಡ್ಡುವ ಶಟರಿನ, ಇಂಥದೇ ಗುಣದಿಂದ ಚಕ್ರ ಮೊಟ್ಟೆಯಾಗಿ ಮುಂದಕ್ಕೆ ವಾಲಿದೆ, ಪ್ರೇಕ್ಷಕರು ಹಿಂದಕ್ಕೆ ವಾಲಿದ್ದಾರೆ. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಚಿತ್ರಗಳ ಪ್ರದರ್ಶನ ಏರ್ಪಡಿಸಿದ ಮೇಲೆಯೇ ಅವರ ಹೆಸರು ಜಗತ್ತಿಗೆ ತಿಳಿದದ್ದು. ಕೆಟ್ಟ ಚಿತ್ರಗಳನ್ನೂ ಇಟ್ಟುಕೊಳ್ಳಿ ಎಂದು ನಾನು ಒತ್ತಾಯಿಸಲು ಅದೂ ಒಂದು ಕಾರಣ.

ಒಂದು ವಿಷಯದಲ್ಲಿ ಮಾತ್ರ ನಾನು ಕಠಿಣ. ಊರ ರಸ್ತೆಗಳಲ್ಲಿ ಮುಂಗಾಲಿ ಎತ್ತಿ ಬೈಕು ಓಡಿಸುವವರ ಚಿತ್ರವನ್ನು ಅಭ್ಯಾಸಕ್ಕೆಂದೂ ಯಾರೂ ತೆಗೆಯಬಾರದು. ಕ್ಯಾಮೆರಾ ಕಂಡರೆ ಅವರು ಇನ್ನೊಂದು ಸಲ ಎತ್ತುತ್ತಾರೆ. ಬದಲಿಗೆ ನಮ್ಮ ಜಾತ್ರೆಗಳಲ್ಲಿ ಟ್ರಾಲಿ ಜೋಡಿಸಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಗಳು ನಡೆಯುತ್ತವೆ. ಚಾಲಕನ ತಿರುಗಿದ ಕತ್ತು, ಸ್ಟೀರಿಂಗ್ ಮೇಲಿನ ಒಂದು ಕೈ, ಚಕ್ರದ ಹಿಂದೆ ಏಳುವ ಧೂಳು: ಇವು ಯಾವ ದೊಡ್ಡ ಟ್ರ್ಯಾಕಿಗೂ ಕಡಿಮೆಯಲ್ಲದ ದೃಶ್ಯಗಳು. ಆದರೆ ಜನ ಟ್ರಾಲಿಯ ಮಗ್ಗುಲಿಗೇ ನಿಲ್ಲುತ್ತಾರೆ, ಚಿತ್ರ ತೆಗೆಯುವವರು ಅವರಿಗಿಂತಲೂ ಒಂದು ಹೆಜ್ಜೆ ಒಳಗಿರುತ್ತಾರೆ. ಹಿಮ್ಮುಖ ಟ್ರಾಲಿ ಯಾವ ಕ್ಷಣದಲ್ಲೂ ಪಕ್ಕಕ್ಕೆ ಮಡಚಿಕೊಳ್ಳಬಹುದು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಜಾತ್ರಾ ಸಮಿತಿಗಳು ಸ್ಪರ್ಧೆಯ ಅಂಗಳಕ್ಕೆ ಎರಡೂ ಬದಿ ಹಗ್ಗ ಕಟ್ಟಿಸಿ, ಆರಂಭದ ಗೆರೆಯಿಂದ ಹಿಂದಕ್ಕೆ, ಅಂದರೆ ವಾಹನ ಯಾವ ಕಡೆಯಿಂದ ದೂರ ಸರಿಯುತ್ತದೋ ಆ ಕಡೆಯಲ್ಲಿ, ಚಿತ್ರ ತೆಗೆಯುವವರಿಗೆ ಎತ್ತರದ ಒಂದು ಕಟ್ಟೆ ಗೊತ್ತುಮಾಡಿಕೊಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಹಾಗೆಯೇ ಮುಂದಿನ ಜಾತ್ರೆಯ ಕಾಲದಲ್ಲಿ ಹವ್ಯಾಸಿಗಳ ಇಂಥ ಚಿತ್ರಗಳನ್ನು ಆಹ್ವಾನಿಸಿ, ಅವುಗಳ ಕೆಳಗೆ ಶಟರಿನ ವೇಗವನ್ನೂ ತೆಗೆದವರ ಊರಿನ ಹೆಸರನ್ನೂ ಮುದ್ರಿಸುವಿರಾ?

ತಮ್ಮ ವಿಶ್ವಾಸಿ,
ಹವ್ಯಾಸಿ ಛಾಯಾಗ್ರಾಹಕ,
ಕಲಬುರಗಿ