ಮಾಳಿಗೆಯ ಮೇಲಿನ ಏಳನೇ ಪಂದ್ಯ

ಆತ್ಮೀಯ ಓದುಗರೆ,

2025ರ ಮೇ 19ರ ನಸುಕಿನ ಐದು ಗಂಟೆಗೆ ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದೆ. ಸೋದರಮಾವನ ಮನೆಯ ಮಾಳಿಗೆ, ರಾತ್ರಿ ಹಾಸಿದ ಚಾಪೆ, ನೀರಿನ ಬಿಂದಿಗೆಗೆ ಒರಗಿಸಿ ನಿಲ್ಲಿಸಿದ ಫೋನು. ಟೊರಾಂಟೋದಲ್ಲಿ ಆಗಿನ್ನೂ ಭಾನುವಾರ ಸಂಜೆ ಏಳೂವರೆ. ನಮ್ಮ ಟೊರಾಂಟೋದ ಐಸ್ ಹಾಕಿ ತಂಡ ಮೇಪಲ್ ಲೀಫ್ಸ್ ಮತ್ತು ಫ್ಲಾರಿಡಾ ಪ್ಯಾಂಥರ್ಸ್ ನಡುವಿನ ಸರಣಿಯ ಕೊನೆಯ, ಏಳನೇ ಪಂದ್ಯ ಶುರುವಾಗುವುದರಲ್ಲಿತ್ತು. ಅಮ್ಮನ ವರ್ಷದ ಕಾರ್ಯಕ್ಕೆಂದು ನಾನೊಬ್ಬನೇ ಊರಿಗೆ ಹೋಗಿದ್ದೆ. ಮಗನಿಗೆ ಶಾಲೆಗೆ ರಜೆ ಇನ್ನೂ ಬಂದಿರಲಿಲ್ಲ, ಅವನೂ ಅವನ ಅಮ್ಮನೂ ಟೊರಾಂಟೋದಲ್ಲೇ ಉಳಿದಿದ್ದರು. ಪ್ರತಿ ವರ್ಷ ಈ ಪಂದ್ಯಗಳನ್ನು ನಾನೂ ಅವನೂ ಒಂದೇ ಸೋಫಾದ ಮೇಲೆ ಕೂತು ನೋಡಿದವರು.

ಬೇಸಿಗೆಯಲ್ಲಿ ಬಳ್ಳಾರಿಯ ಮನೆಗಳೊಳಗೆ ಮಲಗಲಾಗುವುದಿಲ್ಲ. ಹಗಲೆಲ್ಲ ಕಾದ ಗೋಡೆಗಳು ಮಧ್ಯರಾತ್ರಿವರೆಗೆ ಬಿಸಿ ಉಗುಳುತ್ತವೆ. ಮಾಳಿಗೆಯ ಮೇಲೆ ಮಾತ್ರ ಬೆಳಗಿನ ಜಾವ ಒಂದಿಷ್ಟು ತಂಪು ಸುಳಿಯುತ್ತದೆ. ಮಾವ ಎದ್ದು ಕೂತು ನನ್ನ ಫೋನಿನ ಕಡೆ ನೋಡಿದರು.

"ಏನ್ ಅಳಿಯಾ, ಇಷ್ಟು ಹೊತ್ನಾಗ? ಅದೇನದು, ಬರೀ ಬೆಳ್ಳಗೈತೆ?"

"ಮಂಜುಗಡ್ಡೆ ಮಾವ. ಅದರ ಮೇಲೆ ಆಡೋ ಹಾಕಿ."

ಹತ್ತಿರ ಸರಿದು ಕೂತರು. ಚೆಂಡಲ್ಲ, ರಬ್ಬರಿನ ಬಿಲ್ಲೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಪುಟಿಯಬಾರದೆಂದು ಆಟಕ್ಕೆ ಮೊದಲು ಅದನ್ನು ಫ್ರೀಜರಿನಲ್ಲಿ ಇಟ್ಟಿರುತ್ತಾರೆ ಎಂದು ಹೇಳಿದೆ. ಮೊದಮೊದಲು ಟಿವಿಯಲ್ಲಿ ಹಾಕಿ ನೋಡಿದವರಿಗೆಲ್ಲ ಗೊತ್ತು, ಆ ಬಿಲ್ಲೆ ಕಣ್ಣಿಗೇ ಸಿಗುವುದಿಲ್ಲ. ನಾನು ಕೆನಡಾಕ್ಕೆ ಬಂದ ಮೊದಲ ಚಳಿಗಾಲವೆಲ್ಲ ಆಟಗಾರರ ಮುಖ ಎತ್ತ ತಿರುಗಿದೆ ಎಂದು ನೋಡಿ ಅದನ್ನು ಊಹಿಸುತ್ತಿದ್ದೆ. ಮಾವ ಅಂಗೈಯಗಲದ ಪರದೆಯಲ್ಲಿ ಹತ್ತೇ ನಿಮಿಷಕ್ಕೆ, "ಅಗಾ, ಗೋಡೆ ಮಗ್ಗಲಿಗೆ ಹೋತು, ಈಗ ಆ ನೀಲಿ ಅಂಗಿಯವನ ಕಾಲಾಗೈತೆ" ಎನ್ನತೊಡಗಿದರು.

ಹೇಗೆ ಕಾಣಿಸುತ್ತದೆ ಎಂದು ಕೇಳಿದೆ. "ಮೂವತ್ತೈದು ವರ್ಷ ನೋಡಿದ್ದು ಚುಕ್ಕೀನೇ ಅಲ್ಲೇನಪ" ಎಂದರು.

ಮಾವ ಊರಿನ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. 1974ರಲ್ಲಿ, ಹದಿನೇಳನೇ ವಯಸ್ಸಿಗೆ, ಪ್ರೊಜೆಕ್ಟರಿನ ದೀಪದ ಕಾರ್ಬನ್ ಕಡ್ಡಿ ಬದಲಿಸುವ ಹುಡುಗನಾಗಿ ಸೇರಿದ್ದರು. ಆಗ ಒಂದು ಸಿನಿಮಾ ಎಂದರೆ ಹದಿನಾಲ್ಕು ಹದಿನೈದು ಡಬ್ಬಿ ರೀಲು. ಒಂದು ಮಷೀನಿನಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಮುಂದಿನದು ಶುರುವಾಗಬೇಕು, ಕೆಳಗೆ ಕೂತವರಿಗೆ ಗೊತ್ತಾಗಬಾರದು. ಅದಕ್ಕೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಬರುತ್ತದೆ. ಸೆಕೆಂಡಿಗೆ 24 ಫ್ರೇಮು ಓಡುವಾಗ ಚುಕ್ಕಿ ಇರುವುದು ನಾಲ್ಕೇ ಫ್ರೇಮಿನಲ್ಲಿ. ಮೊದಲ ಚುಕ್ಕಿಗೆ ಎರಡನೇ ಮಷೀನಿನ ಮೋಟರು ಹಾಕಬೇಕು, ಏಳು ಸೆಕೆಂಡಾದ ಮೇಲೆ ಬರುವ ಎರಡನೇ ಚುಕ್ಕಿಗೆ ಬೆಳಕು ಬದಲಾಯಿಸಬೇಕು. ಕಣ್ಣು ಮಿಟುಕಿಸಿದರೆ ಪರದೆ ಬೆಳ್ಳಗಾಗುತ್ತದೆ, ಶಿಳ್ಳೆ ಶುರುವಾಗುತ್ತದೆ. ಚಿಕ್ಕಂದಿನಲ್ಲಿ ಆ ಟಾಕೀಸಿಗೆ ಪುಕ್ಕಟೆ ಹೋಗಿ ಎಷ್ಟು ಸಿನಿಮಾ ನೋಡಿದ್ದೇನೋ ಲೆಕ್ಕವಿಲ್ಲ. ಮಾವ ಮೇಲಿನ ಆ ಸಣ್ಣ ಕಿಂಡಿಯ ಹಿಂದೆ ನಿಂತು ಏನು ನೋಡುತ್ತಿದ್ದರು ಎಂದು ಒಮ್ಮೆಯೂ ಕೇಳಿರಲಿಲ್ಲ.

ಪಂದ್ಯದ ಕಥೆ ನಿಮಗೆಲ್ಲ ಗೊತ್ತಿರುವುದೇ. ಲೀಫ್ಸ್ ಸರಣಿಯ ಮೊದಲೆರಡು ಗೆದ್ದು, ಮುಂದಿನ ಮೂರು ಸೋತು, ಆರನೆಯದನ್ನು ಪ್ಯಾಂಥರ್ಸ್ ಊರಿನಲ್ಲೇ 2–0ಯಿಂದ ಗೆದ್ದು ಬಂದಿದ್ದರು. ಏಳನೆಯದರ ಎರಡನೇ ಪೀರಿಯಡ್‌ನಲ್ಲಿ ಆರೂವರೆ ನಿಮಿಷದೊಳಗೆ ನಮ್ಮ ಮೇಲೆ ಮೂರು ಗೋಲು ಬಿದ್ದವು. ಮೂರನೇ ಪೀರಿಯಡ್‌ನ ಆರಂಭದಲ್ಲಿ ನಮ್ಮ ಮ್ಯಾಕ್ಸ್ ಡೋಮಿ ಒಂದು ಹೊಡೆದಾಗ ನಾನು ಚಾಪೆಯಿಂದ ಎದ್ದು ನಿಂತೆ. ಒಂದು ನಿಮಿಷ ತುಂಬುವ ಮೊದಲೇ ಅವರು ನಾಲ್ಕನೆಯದು ಹೊಡೆದರು. ಕೊನೆಗೆ 6–1. ಜನ ಎದ್ದು ಹೊರಟಿದ್ದರು. ಕೆಲವರು ತೊಟ್ಟಿದ್ದ ಲೀಫ್ಸ್ ಅಂಗಿಯನ್ನೇ ಕಳಚಿ ಮಂಜಿನ ಮೇಲೆ ಎಸೆದರು.

ಸೋಲಿಗಿಂತ ಆ ಅಂಗಿಗಳು ನನಗೆ ಹೆಚ್ಚು ನೋವು ಕೊಟ್ಟವು. ಮಾವನಿಗೂ ಅದು ಅರ್ಥವಾಗಲಿಲ್ಲ.

"ಅಂಗಿ ಯಾಕ ಒಗಿತಾರ? ಅವರೇನು ಬೇಕಂತ ಸೋತ್ರಾ?"

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವರೇ ಹೇಳಿದರು. "ಓಡದ ಪಿಚ್ಚರು ಎಷ್ಟೋ ಹಾಕೀನಿ. ಎರಡನೇ ವಾರ ಫಸ್ಟ್ ಶೋಗೆ ಏಳೇ ಜನ ಕುಂತಿರೋರು. ಇಂಟರ್ವಲ್ಲಿಗೆ ಮೂರು ಜನ ಎದ್ದು ಹೋಗೋರು. ಉಳಿದ ನಾಲ್ಕು ಮಂದಿಗೂ ಅಷ್ಟೇ ಬೆಳಕು, ಅಷ್ಟೇ ಸೌಂಡು ಕೊಟ್ಟೀನಿ. ಕೊನೀ ರೀಲು ಬಿಟ್ಟು ಮನೀಗೆ ಬಂದಿಲ್ಲ."

ಆಗಲೇ ಮಗನ ಫೋನು ಬಂತು. ಟೊರಾಂಟೋದಲ್ಲಿ ಹತ್ತೂವರೆ ಆಗುತ್ತಾ ಬಂದಿತ್ತು. ಮರುದಿನ ವಿಕ್ಟೋರಿಯಾ ದಿನದ ರಜೆ, ಹಾಗಾಗಿ ಅವನಮ್ಮ ಮಲಗು ಎಂದಿರಲಿಲ್ಲ. ಅತ್ತಿದ್ದಾನೆ ಎಂದು ದನಿಯಲ್ಲೇ ತಿಳಿಯಿತು. ಹದಿಮೂರು ವರ್ಷದ ಹುಡುಗನಿಗೆ ದೂರದಿಂದ ಏನು ಹೇಳಬೇಕು? "ಮುಂದಿನ ವರ್ಷ" ಎಂದು ಹೇಳಲು ಬಾಯಿ ಬರಲಿಲ್ಲ. 2013ರಲ್ಲಿ ಬಾಸ್ಟನ್ ವಿರುದ್ಧ ಏಳನೇ ಪಂದ್ಯದಲ್ಲಿ 4–1 ಮುಂದಿದ್ದು 5–4ರಿಂದ ಸೋತ ರಾತ್ರಿ ನನಗೆ ನಾನೇ ಹೇಳಿಕೊಂಡಿದ್ದು ಅದೇ ಮಾತು. ಸುಮ್ಮನೆ ಫೋನನ್ನು ಮಾವನ ಕೈಗೆ ಕೊಟ್ಟೆ.

ನನ್ನ ಮಗನೂ ಮಾವನೂ ಅಲ್ಲಿಯತನಕ ಮಾತಾಡಿದ್ದೆಂದರೆ ಯುಗಾದಿ ದೀಪಾವಳಿಗೆ ಒಂದೊಂದು ನಿಮಿಷ. ಊಟ ಆಯ್ತಾ, ಚೆನ್ನಾಗಿ ಓದು, ಅಷ್ಟೇ. ಅವತ್ತು ಹುಡುಗನೇ ಕೇಳಿದ:

"ತಾತಾ, ನಿಮ್ಮ ಟೀಮ್ ಯಾವತ್ತಾದ್ರೂ ಹೀಗೆ ಸೋತಿದೆಯಾ?"

"ನನ್ನ ಟೀಮಂದ್ರೆ ಟಾಕೀಸಪ" ಎಂದರು ಮಾವ. ಆಮೇಲೆ ಅವರು ಹೇಳಿದ್ದು ನನಗೂ ಹೊಸದು. ಡಿಜಿಟಲ್ ಬಂದಾಗ ರೀಲಿನ ಡಬ್ಬಿಗಳು ನಿಂತವು. ಸಿನಿಮಾ ಒಂದು ಪೆಟ್ಟಿಗೆಯೊಳಗೆ ಬಂದು ಕೂತಿತು, ಗುಂಡಿ ಒತ್ತಲು ಒಬ್ಬ ಹುಡುಗ ಸಾಕಾದ. ಎರಡೂ ಮಷೀನುಗಳನ್ನು ತೂಕಕ್ಕೆ ಹಾಕಿದರು. ಗುಜರಿಯವರು ಬರುವ ಹಿಂದಿನ ರಾತ್ರಿ ಮಾವ ಒಬ್ಬರೇ ಮೇಲೆ ಹೋಗಿ, ಉಳಿದಿದ್ದ ಒಂದು ಹಳೆಯ ರೀಲನ್ನು ಹಾಕಿ, ಖಾಲಿ ಟಾಕೀಸಿಗೆ ಪೂರ್ತಿ ಓಡಿಸಿದರಂತೆ. ಯಾವ ಸಿನಿಮಾ ಎಂದು ಮಗ ಕೇಳಿದ. "ನಡುವಿನ ರೀಲು ಅದು, ತಲಿ ಇಲ್ಲ ಬುಡ ಇಲ್ಲ. ರಾಜಕುಮಾರ್ ಒಂದು ಬಾಗಿಲು ತೆಗೆದು ಒಳಗೆ ಬರ್ತಾರ, ಅಷ್ಟೊತ್ತಿಗೆ ಮುಗೀತದೆ." ಹುಡುಗ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ಆ ಚುಕ್ಕಿ ಅದರಲ್ಲೂ ಬಂತಾ ಎಂದ. ಬಂತು ಎಂದರು ಮಾವ.

ಅಷ್ಟರಲ್ಲಿ ಮಾವನ ಮಗ ಪೇಪರಿನಲ್ಲಿ ಕಟ್ಟಿಸಿಕೊಂಡ ಒಗ್ಗರಣಿ, ಮಿರ್ಚಿ ಹಿಡಿದು ಮೇಲೆ ಬಂದ. ಅವನ ಹಿಂದೆಯೇ ವಾಕಿಂಗ್ ಮುಗಿಸಿಕೊಂಡು ಪಿ.ಟಿ. ಮೇಷ್ಟ್ರು ಬಂದರು. ಮಾವನ ಗೆಳೆಯರು, ನಿವೃತ್ತರಾಗಿ ಬಹಳ ವರ್ಷವಾಯಿತು. ಹಾಕಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಫೋನಿನ ಮುಂದೆ ಕೂತುಬಿಟ್ಟರು. ಅವರದು ಹುಲ್ಲು ಮಣ್ಣಿನ ಹಾಕಿ. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ವಿಶ್ವಕಪ್ ಗೆದ್ದದ್ದನ್ನು ರೇಡಿಯೊದಲ್ಲಿ ಕೇಳಿದವರು. ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್. ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಿದ ಒಲಿಂಪಿಕ್ಸ್ ಅದು. 1928ರಿಂದ ಒಮ್ಮೆಯೂ ಪದಕವಿಲ್ಲದೆ ಬಾರದ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು.

"ನಮಗೆ ಪೆಟ್ಟು ಬಿದ್ದಿದ್ದು ನಿಮ್ಮ ದೇಶದಾಗೇ ನೋಡಪ ಮರಿ" ಎಂದರು ಮೇಷ್ಟ್ರು ನನ್ನ ಮಗನಿಗೆ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ತಮ್ಮ ಒಬ್ಬ ವಿದ್ಯಾರ್ಥಿಯ ಬಗ್ಗೆ ಹೇಳಿದರು. ಮೊರಮು ಹಾಕಿದ ಮೈದಾನದಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಹುಡುಗ, ರಾಜ್ಯದ ಕ್ಯಾಂಪಿಗೆ ಆಯ್ಕೆಯಾಗಿ ಹೋದ. ಅಲ್ಲಿ ಮೊದಲ ಸಲ ಟರ್ಫ್ ಮೇಲೆ ನಿಂತ. ಚೆಂಡು ತನಗಿಂತ ಮೊದಲೇ ಹೋಗುತ್ತದೆ ಸಾರ್ ಎಂದು ನಾಲ್ಕನೇ ದಿನ ವಾಪಸ್ ಬಂದ. ಅವನ ಕೈಯಲ್ಲಿ ಏನೂ ತಪ್ಪಿರಲಿಲ್ಲ ಎಂದು ಮೇಷ್ಟ್ರು ಎರಡು ಸಲ ಹೇಳಿದರು. ಈ ಮಾತಿಗೆ ನಾನೂ ಒಂದು ಸೇರಿಸುತ್ತೇನೆ: ಜಿಲ್ಲೆಯ ಮಕ್ಕಳಿಗೆ ಆಡಲು ಒಂದು ನೆಲ ಕೊಟ್ಟು, ಅಳೆಯುವಾಗ ಬೇರೆ ನೆಲದ ಮೇಲೆ ನಿಲ್ಲಿಸುವುದು ನ್ಯಾಯವಲ್ಲ.

2000ದ ಸಿಡ್ನಿ ಒಲಿಂಪಿಕ್ಸ್‌ನ ನೆನಪೂ ಬಂತು. ಪೋಲೆಂಡ್ ವಿರುದ್ಧ ಗೆದ್ದರೆ ಸೆಮಿಫೈನಲ್. 1–0 ಮುಂದಿದ್ದು ಕೊನೆಯ ಎರಡು ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟರು. ಅವತ್ತು ತಾವು ಊಟ ಬಿಟ್ಟು ಟಾಕೀಸಿಗೆ ಬಂದು ಮಾವನ ಜೊತೆ ಆಪರೇಟರ್ ರೂಮಿನಲ್ಲಿ ಕೂತದ್ದನ್ನು ಮೇಷ್ಟ್ರು ಹೇಳಿದರು. ಅದು ಮಾವನಿಗೂ ನೆನಪಿತ್ತು. "ಹಾಕಿ ಬಗ್ಗೆ ಒಂದ್ ಮಾತೂ ಆಡ್ಲಿಲ್ಲ ಈ ಮನುಷ್ಯ. ರಾತ್ರಿ ಒಂದೂವರೆ ತನಕ ಎನ್‌ಟಿಆರ್ ದೊಡ್ಡೋರೋ ರಾಜಕುಮಾರ್ ದೊಡ್ಡೋರೋ ಅಂತ ವಾದ." ಬಳ್ಳಾರಿಯಲ್ಲಿ ಆ ವಾದ ಹಳೆಯದು. 1953ರವರೆಗೆ ಮದರಾಸಿಗೆ ಸೇರಿದ್ದ ಊರು, ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಊರು. ಈ ವಾರ ರಾಜಕುಮಾರ್ ನೋಡಿದವರೇ ಮುಂದಿನ ವಾರ ಎನ್‌ಟಿಆರ್‌ಗೆ ಸರದಿಯಲ್ಲಿ ನಿಂತಿರುತ್ತಿದ್ದರು. ಮಾವನ ಮಗ ಅಪ್ಪುವಿನ ಪಕ್ಕಾ ಅಭಿಮಾನಿ. ಅಪ್ಪು ತೀರಿಕೊಂಡ 2021ರ ಅಕ್ಟೋಬರ್ 29ರ ಮಧ್ಯಾಹ್ನ ತನ್ನ ಜೀನ್ಸ್ ಹೊಲಿಗೆ ಘಟಕದ ಹತ್ತೂ ಮಷೀನು ತಾವಾಗಿಯೇ ನಿಂತದ್ದನ್ನು ಹೇಳುವಾಗ ಅವನ ದನಿ ನಡುಗಿತು. ಆಮೇಲೆ ಮಾತು ಘಟಕದ ಕಡೆ ತಿರುಗಿತು. ಆರ್ಡರು ಕಡಿಮೆಯಾಗಿದೆ, ಬಟ್ಟೆ ತೊಳೆಸಲು ನೀರಿನದೇ ಚಿಂತೆ. "ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ ಬಾವಾ" ಎಂದ. ಅವರಪ್ಪ ಪಕ್ಕದಲ್ಲೇ ಕೂತಿದ್ದರು.

ಆ ಬೆಳಗಿನ ಬಗ್ಗೆ ನಾನು ಮತ್ತೆ ಮತ್ತೆ ಯೋಚಿಸುತ್ತಿರುವುದು ಇದನ್ನೇ. ಪಂದ್ಯ ಗೆದ್ದಿದ್ದರೆ ನಾನು ಒಂದು ಗಂಟೆ ಕುಣಿದು, ನಮ್ಮ ಗುಂಪಿನವರಿಗೆಲ್ಲ ಫೋನು ಮಾಡಿ, ಸ್ನಾನಕ್ಕೆ ಹೋಗುತ್ತಿದ್ದೆ. ಸೋತಿದ್ದರಿಂದ ಯಾರಿಗೂ ಆಟದ ಮಾತು ಬೇಡವಾಗಿತ್ತು. ಬೇರೆ ಏನಾದರೂ ಆಡಬೇಕಿತ್ತು. ಆ ಜಾಗಕ್ಕೆ ಸಿನಿಮಾ ಬಂತು, ಸಿನಿಮಾದ ಹಿಂದೆ ಉಳಿದದ್ದೆಲ್ಲ ಬಂತು.

ಮೇಷ್ಟ್ರು ಸಿರುಗುಪ್ಪದ ತಮ್ಮ ಗದ್ದೆಯ ಮಾತೆತ್ತಿದರು. 2024ರ ಆಗಸ್ಟ್ 6ರ ರಾತ್ರಿ ಪ್ಯಾರಿಸ್ ಒಲಿಂಪಿಕ್ಸ್‌ನ ಹಾಕಿ ಸೆಮಿಫೈನಲ್‌ನಲ್ಲಿ ಭಾರತ ಜರ್ಮನಿಗೆ 3–2ರಿಂದ ಸೋತಿತು. 8ಕ್ಕೆ ಸ್ಪೇನ್ ವಿರುದ್ಧ ಗೆದ್ದು ಕಂಚು ತಂದಿತು. 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ಹರಿದು ಕೊಚ್ಚಿಹೋಯಿತು. ನಾಟಿ ಮುಗಿದಿದ್ದ ಕಾಲ ಅದು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ, ವಾರದೊಳಗೆ ತಾತ್ಕಾಲಿಕ ಗೇಟು ಇಳಿಸುವವರೆಗೆ ತಮಗೆ ನಿದ್ದೆ ಬಂದಿಲ್ಲ ಎಂದರು. "ಆ ಐದು ದಿನದಾಗ ಅತ್ತು, ನಕ್ಕು, ಮತ್ತೆ ಅತ್ತೆ."

ಫೋನಿನಲ್ಲಿದ್ದ ಮಗ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ಲೆಕ್ಕ ಬೇಕಾಗಿತ್ತು. ಭಾರತಕ್ಕೆ 1980ರ ಪದಕದ ನಂತರ 2021ರಲ್ಲಿ ಟೋಕಿಯೊದಲ್ಲಿ ಸಿಕ್ಕಿದ್ದು, ಅಂದರೆ 41 ವರ್ಷ. ಲೀಫ್ಸ್ ಸ್ಟ್ಯಾನ್ಲಿ ಕಪ್ ಗೆದ್ದದ್ದು 1967ರಲ್ಲಿ, ಅಂದಿಗೆ 58 ವರ್ಷ. "ನಮ್ಮದೇ ಜಾಸ್ತಿ ಮೇಷ್ಟ್ರೇ" ಎಂದ.

"ನೀನು ಆಟ ನೋಡಾಕ ಹತ್ತಿ ಎಷ್ಟ್ ವರ್ಷಾತು?"

"ಏಳು."

"ಮತ್ತೆ ನಿನ್ನ ಪಾಲು ಏಳೇ ಆತಲ್ಲೋ. ಉಳಿದದ್ದು ಹಿರೇರು ಹೊತ್ತಾರ. ಎಲ್ಲಾ ನೀನೇ ಯಾಕ ಹೊರ್ತಿ? ಹೋಗಿ ಮಲಕ್ಕೋ."

ಟೊರಾಂಟೋದಲ್ಲಿ ಮಧ್ಯರಾತ್ರಿ ದಾಟಿತ್ತು. ಬಳ್ಳಾರಿಯಲ್ಲಿ ಬಿಸಿಲು ಕೋಟೆ ಬೆಟ್ಟದ ಬಂಡೆಗಳಿಂದಿಳಿದು ಮಾಳಿಗೆಗೆ ಬಂದಿತ್ತು, ಚಾಪೆ ಸುತ್ತಿ ಕೆಳಗಿಳಿದೆವು. ಮಾವ ಮಗನ ಭುಜದ ಮೇಲೆ ಕೈಯಿಟ್ಟು ಇಳಿದರು. ಸಂಜೆ ಇಬ್ಬರೂ ಘಟಕದ ಲೆಕ್ಕದ ಪುಸ್ತಕ ತೆಗೆದು ಕೂತಿದ್ದರು.

ಅಂದಿನಿಂದ ಪ್ರತಿ ಭಾನುವಾರ ನನ್ನ ಮಗ ಬಳ್ಳಾರಿಗೆ ಫೋನು ಮಾಡುತ್ತಾನೆ. ಕನ್ನಡದಲ್ಲೇ, ನನ್ನ ಸಹಾಯವಿಲ್ಲದೆ. ನಮ್ಮ ಕನ್ನಡ ಕಲಿ ತರಗತಿಗೆ ಮೂರು ವರ್ಷ ಹೋಗಿಯೂ ಅವನು ಹೀಗೆ ಮಾತಾಡಿರಲಿಲ್ಲ. ತರಗತಿ ನಡೆಸುವ ಗೆಳೆಯರ ಶ್ರಮ ವ್ಯರ್ಥ ಎಂದು ಇದರ ಅರ್ಥವಲ್ಲ. ಅಲ್ಲಿ ಕಲಿತ ಪದಗಳಿಗೆ ಈಗ ಆಡಲು ಒಬ್ಬರು ಸಿಕ್ಕಿದ್ದಾರೆ. ಜುಲೈ ಆರಂಭದ ಹೊತ್ತಿಗೆ ಲೀಫ್ಸ್ ಆಟಗಾರ ಮಿಚ್ ಮಾರ್ನರ್ ಟೊರಾಂಟೋ ಬಿಟ್ಟು ವೆಗಾಸ್ ತಂಡಕ್ಕೆ ಹೋದ. ನನ್ನ ಮಗನ ಹತ್ತಿರ ಇರುವುದು ಅವನದೇ 16ನೇ ನಂಬರಿನ ಅಂಗಿ. ಏನು ಮಾಡಲಿ ಎಂದು ಅವನು ನನ್ನನ್ನು ಕೇಳಲಿಲ್ಲ, ತಾತನನ್ನು ಕೇಳಿದ.

"ನಿಮ್ಮಪ್ಪನೂ ಊರು ಬಿಟ್ಟು ಹೋದವನೇ ಅಲ್ಲೇನಪ" ಎಂದರಂತೆ ಮಾವ. "ಅವನ ಅಂಗಿ ಇನ್ನೂ ನಮ್ಮ ಬೀರುವಿನಾಗೈತೆ. ಇಟ್ಕೋ."

ನಾನು ಹೊರಡುವಾಗ ಮಾವ ಒಂದು ಪೊಟ್ಟಣ ಕೊಟ್ಟಿದ್ದರು. ಗುಜರಿಗೆ ಹೋಗುವ ಮೊದಲು ಆ ಕೊನೆಯ ರೀಲಿನಿಂದ ಕತ್ತರಿಸಿ ಇಟ್ಟುಕೊಂಡಿದ್ದ ಗೇಣುದ್ದದ ಫಿಲ್ಮು. ಕಿಟಕಿಗೆ ಹಿಡಿದರೆ ನಾಲ್ಕು ಫ್ರೇಮಿನ ಮೂಲೆಯಲ್ಲಿ ಚುಕ್ಕಿ ಕಾಣುತ್ತದೆ. ಅದು ಈಗ ಮಗನ ಮೇಜಿನ ಮೇಲಿದೆ. ಅದರ ಬದಲಿಗೆ ತಾತನಿಗೆ ಒಂದು ಪಕ್, ಅದೇ ಹಾಕಿಯ ರಬ್ಬರಿನ ಬಿಲ್ಲೆ, ಕಳಿಸಬೇಕು ಎಂದು ಅವನು ತನ್ನ ಜೇಬುಗಾಸಿನಲ್ಲಿ ಕೊಂಡು ತಂದಿದ್ದಾನೆ. ಅಂಚೆಯಲ್ಲಿ ಹಾಕಲು ಅವನು ಒಪ್ಪುತ್ತಿಲ್ಲ, ಯಾರಾದರೂ ಕೈಯಲ್ಲೇ ಕೊಡಬೇಕಂತೆ. ಆಗಸ್ಟ್‌ನಲ್ಲಿ ಬಳ್ಳಾರಿ, ಹೊಸಪೇಟೆ ಕಡೆ ಹೋಗುವವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ತೂಕ 170 ಗ್ರಾಂ, ಅಂಗೈಯಲ್ಲಿ ಹಿಡಿಸುತ್ತದೆ.

ನಿಮ್ಮ ಸಂಪಾದಕ