ಮೇಜು ಬಿಟ್ಟು ಬರುವ ಹೊತ್ತು

ಬೆಟಗೇರಿ, ಗದಗ
ಕಾರ್ತಿಕ ಸೋಮವಾರ

ಚಿರಂಜೀವಿ ಸೋದರಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮನೆಯ ಸಮಾಚಾರವನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಧರ್ಮರಾಯನ ಕಥೆಯನ್ನೂ ತೆಗೆಯುವುದಿಲ್ಲ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬದ ಪಕ್ಕ ಕುಳಿತು ಅದನ್ನು ನೀನು ಚಿಕ್ಕಂದಿನಲ್ಲೇ ಬೇಕಾದಷ್ಟು ಕೇಳಿದ್ದೀಯ.

ಕ್ಯಾಸಿನೋದಲ್ಲಿ ಎರಡು ದಾಳ ಎಸೆದು ಆಡುವ ಆ ಕ್ರಾಪ್ಸ್ ಜೂಜಿನ ಲೆಕ್ಕ ಬಿಡಿಸಿ ಹೇಳು ಎಂದು ಕೇಳಿದ್ದೀಯ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಗೆಳೆಯರೊಂದಿಗೆ ಮತ್ತೆ ಲಾಸ್ ವೇಗಸ್‌ಗೆ ಹೋಗುತ್ತೀಯಂತೆ. ಲೆಕ್ಕ ಹೇಳುತ್ತೇನೆ. ಆದರೆ ಕಾಗದದ ಕೊನೆಗೆ, ಅವ್ವನ ಗುಳಿಗೆಯ ವಿಚಾರ ಮುಗಿದ ಮೇಲೆ, ನೀನು ಇನ್ನೊಂದು ಮಾತು ಬರೆದಿದ್ದೀಯ: 'ಹೋದ ಸಲ ಬೆಳಗಿನ ನಾಲ್ಕಕ್ಕೆ ಗೆಳೆಯ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಅವನು ಬರದಿದ್ದರೆ ನಾನಾಗಿಯೇ ಮೇಜು ಬಿಟ್ಟು ಬರುತ್ತಿದ್ದೆನೋ ಇಲ್ಲವೋ, ಹೆದರಿಕೆಯಾಗುತ್ತದೆ.' ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ.

ಮೊಮ್ಮಗಳ ಲೂಡೋ ಡಬ್ಬಿಯಿಂದ ಎರಡು ದಾಳ ತೆಗೆದುಕೊಂಡು ಕುಳಿತೆ. ಎರಡು ದಾಳ ಬೀಳುವ ಬಗೆ ಒಟ್ಟು 36. ಅದರಲ್ಲಿ 7 ಬರುವುದು ಆರು ಬಗೆಯಲ್ಲಿ, ಬೇರೆ ಯಾವ ಸಂಖ್ಯೆಗೂ ಅಷ್ಟು ದಾರಿಗಳಿಲ್ಲ. ಮೂಲ ಪಂಥ ಕಟ್ಟಲು ಮೇಜಿನ ಮೇಲೆ ಎಳೆದ ಪಾಸ್ ಲೈನ್ ಎಂಬ ಪಟ್ಟಿಯ ಮೇಲೆ ಹಣ ಇಟ್ಟವನಿಗೆ ಮೊದಲ ಎಸೆತದಲ್ಲಿ 7 ಅಥವಾ 11 ಬಿದ್ದರೆ ಗೆಲುವು. 2, 3, 12 ಬಿದ್ದರೆ ಸೋಲು. ಬೇರೆ ಯಾವುದು ಬಿದ್ದರೂ ಅದೇ ಪಾಯಿಂಟ್. ಆಮೇಲೆ 7 ಬೀಳುವುದಕ್ಕಿಂತ ಮೊದಲು ಆ ಪಾಯಿಂಟ್ ಇನ್ನೊಮ್ಮೆ ಬೀಳಬೇಕು. ಮೊದಲ ಎಸೆತದಲ್ಲಿ ಕೈ ಹಿಡಿದ ಏಳೇ ಈಗ ಮುಳುಗಿಸುತ್ತದೆ.

ಎಲ್ಲವನ್ನೂ ಕೂಡಿಸಿದರೆ 495 ಆಟಗಳಲ್ಲಿ ಸರಾಸರಿ 244 ನಿನ್ನವು, 251 'ಮನೆ'ಯವು, ಎಂದರೆ ಕ್ಯಾಸಿನೋದವರವು. ವ್ಯತ್ಯಾಸ ಬರೀ ಏಳು. ಉತ್ತರ ಬಂದಾಗ ಮೂವತ್ತು ವರ್ಷ ಗಣಿತ ಕಲಿಸಿದವನ ಮನಸ್ಸು ಒಂದು ಕ್ಷಣ ಹಿಗ್ಗಿತು, ಸುಳ್ಳು ಹೇಳುವುದಿಲ್ಲ. ನೂರು ಡಾಲರಿಗೆ ಸುಮಾರು 1 ಡಾಲರ್ 41 ಸೆಂಟ್ ಮಾತ್ರ ಮನೆಯವರ ಪಾಲು. ಇಷ್ಟು ಸಮೀಪದ ಲೆಕ್ಕವಾದ್ದರಿಂದಲೇ ನನಗೆ ಭಯ. ಅರ್ಧಕ್ಕರ್ಧ ಸಲ ಗೆಲ್ಲುತ್ತಿರುವವನಿಗೆ ಹೊರಡಬೇಕು ಎಂದು ಯಾವ ಕ್ಷಣದಲ್ಲಿ ಅನಿಸಬೇಕು?

ಇನ್ನೊಂದು ನಿಯಮವನ್ನು ಗಮನಿಸಿದ್ದೀಯೋ ಇಲ್ಲವೋ. ಪಾಯಿಂಟ್ ನಿಂತ ಮೇಲೆ ಪಾಸ್ ಲೈನ್ ಮೇಲಿನ ಹಣವನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಪಾಯಿಂಟ್ 6 ಇದ್ದರೂ 8 ಇದ್ದರೂ ಗೆಲ್ಲುವ ದಾರಿಗಳು ಐದು, ಸೋಲುವವು ಆರು. 4 ಅಥವಾ 10 ಆದರೆ ಮೂರಕ್ಕೆ ಆರು. ಯಾವ ಪಾಯಿಂಟಿನಲ್ಲೂ ಆಗ ನಿನ್ನ ಕಡೆ ಅರ್ಧಕ್ಕಿಂತ ಕಡಿಮೆಯೇ. ನಿನ್ನ ಕಾಲು ಹೊರಡಲು ಒಪ್ಪಿದರೂ ಹಣ ಅಲ್ಲೇ ಉಳಿಯುತ್ತದೆ. ಈ ನಿಯಮ ಓದಿದಾಗ ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಹೋಗಿ ನಿಂತೆ. ನನಗೆ 1979ರ ಬಲಿಪಾಡ್ಯಮಿ ನೆನಪಾಯಿತು.

ಆಗ ನನಗೆ ನೌಕರಿ ಸಿಕ್ಕು ಎರಡನೆಯ ವರ್ಷ. ಹತ್ತಿ ವ್ಯಾಪಾರದ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ಪೀಟು. ಹಬ್ಬದ ಆಟ, ತಪ್ಪಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅಂದರ್ ಬಾಹರ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೆ 340 ರೂಪಾಯಿ ಗೆದ್ದಿದ್ದೆ. ಕಂದೀಲಿನ ಬೆಳಕು, ಹತ್ತಿಯ ಅಂಡಿಗೆಗಳ ವಾಸನೆ, ಚುನಮರಿ ತುಂಬಿದ ಬುಟ್ಟಿ, ಎಲ್ಲ ಕಣ್ಣ ಮುಂದೆ ಇದೆ. ಹತ್ತಕ್ಕೆ ಎದ್ದಿದ್ದರೆ ಈ ಕಾಗದದಲ್ಲಿ ಹೇಳಲು ನನ್ನ ಬಳಿ ಏನೂ ಇರುತ್ತಿರಲಿಲ್ಲ. ಏಳಲಿಲ್ಲ. ಗೆದ್ದದ್ದು ಹೋಯಿತು, ನನ್ನದು ಹೋಯಿತು, ಆಮೇಲೆ ಒಳಜೇಬಿನಲ್ಲಿ ಬೇರೆಯಾಗಿ ಮಡಿಚಿಟ್ಟಿದ್ದ 600 ರೂಪಾಯಿಯೂ ಹೋಯಿತು.

ಅದು ನಿನ್ನ ಅವ್ವನ ಶಿಕ್ಷಕಿ ತರಬೇತಿಗೆ ಕಟ್ಟಬೇಕಿದ್ದ ಹಣ. ಈ ವರ್ಷ ಸೀಟು ತುಂಬಿದವು ಎಂದು ಹೇಳಿದೆ. ನಂಬಿದಳು. ಒಂದು ವರ್ಷ ಮನೆಯಲ್ಲಿ ಕುಳಿತು ಹೊಲಿಗೆ ಹಾಕಿದಳು. ಇವತ್ತಿಗೂ ಯಾರಾದರೂ ಕೇಳಿದರೆ 'ನನಗೆ ಒಂದು ವರ್ಷ ತಡವಾಗಿ ಸೀಟು ಸಿಕ್ಕಿತು' ಎನ್ನುತ್ತಾಳೆ. ಪಕ್ಕದಲ್ಲೇ ಕುಳಿತಿರುತ್ತೇನೆ, ಬಾಯಿ ಬರುವುದಿಲ್ಲ. ಈ ವಿಷಯ ಇಷ್ಟು ವರ್ಷಗಳಲ್ಲಿ ಮೊದಲು ತಿಳಿದದ್ದು ನಿನಗೆ.

ಸೋತದ್ದಕ್ಕೆ ಕಾರಣ ಹುಡುಕುವಾಗ ಎಷ್ಟೋ ವರ್ಷ ಎಲೆಗಳನ್ನೇ ದೂರಿದೆ. ಈಗ ಅನಿಸುವುದು ಬೇರೆ. ಕೊನೆಯ ಎಲೆಗೆ ನಾನು ಸೋಲಲಿಲ್ಲ, ಹತ್ತು ಗಂಟೆಗೇ ಸೋತಿದ್ದೆ. ಜೇಬು ತುಂಬಿತ್ತು, ಆದರೆ ಏಳುವ ಶಕ್ತಿ ಆಗಲೇ ಹೋಗಿತ್ತು. ನೀನೂ ಆ ನಾಲ್ಕು ಗಂಟೆಗೆ ಗೆಲ್ಲುತ್ತಿದ್ದೆಯೋ ಸೋಲುತ್ತಿದ್ದೆಯೋ ಬರೆದಿಲ್ಲ. ನಾನು ಕೇಳುವುದೂ ಇಲ್ಲ. ಎರಡರಲ್ಲಿ ಯಾವುದಾದರೂ ನನ್ನ ಹೆದರಿಕೆ ಅಷ್ಟೇ.

ಸೋತಾಗಲೆಲ್ಲ ದುಪ್ಪಟ್ಟು ಇಟ್ಟರೆ ಹೇಗೆ ಎಂದು ಕೇಳಿದ್ದೀಯ. ಬೇಡ. ಹತ್ತು ಡಾಲರಿನಿಂದ ಹೊರಟರೆ ಸತತ ಆರು ಸೋಲಿಗೆ 630 ಹೋಗಿರುತ್ತದೆ, ಏಳನೆಯದಕ್ಕೆ 640 ಇಡಬೇಕು, ಅದೂ ಮೊದಲಿನ ಹತ್ತು ಡಾಲರ್ ಗೆಲ್ಲುವುದಕ್ಕಾಗಿ. ಸತತ ಆರು ಸೋಲು ಅಪರೂಪವೇನಲ್ಲ. ಅಲ್ಲದೆ ಅದು ಮೇಜು ಬಿಡದಿರುವುದಕ್ಕೆ ನಾವೇ ಕಟ್ಟಿಕೊಳ್ಳುವ ನೆಪ.

ಆಡಲೇಬೇಡ ಎನ್ನುವ ಅಧಿಕಾರ ನನಗೆಲ್ಲಿದೆ? ಆಡುವುದಾದರೆ ಪಾಸ್ ಲೈನ್ ಒಂದೇ ಸಾಕು. ಪಾಯಿಂಟ್ ನಿಂತ ಮೇಲೆ ಅದರ ಹಿಂದೆ ಹೆಚ್ಚುವರಿಯಾಗಿ ಇಡುವ ಆಡ್ಸ್ ಪಂಥದಲ್ಲಿ ಮನೆಯವರಿಗೆ ಪಾಲಿಲ್ಲ, 4 ಮತ್ತು 10ಕ್ಕೆ ಒಂದಕ್ಕೆ ಎರಡು ಕೊಡುತ್ತಾರೆ, ಬೇಕೆಂದಾಗ ಹಿಂದಕ್ಕೂ ತೆಗೆಯಬಹುದು. ಆದರೆ ಅದರಿಂದ ಮೇಜಿನ ಮೇಲಿನ ಹಣ ಬೆಳೆಯುತ್ತದೆ, ಹಾಗಾಗಿ ಹೇಳಲು ಮನಸ್ಸು ಹಿಂಜರಿಯುತ್ತದೆ. ನಡುವಿನಲ್ಲಿ ಕೂಗಿ ಕರೆಯುವ 'ಎನಿ ಸೆವೆನ್', ಎಂದರೆ ಮುಂದಿನ ಎಸೆತದಲ್ಲೇ 7 ಬೀಳುತ್ತದೆ ಎಂಬ ಪಂಥದ ಕಡೆಗೆ ಹೋಗಬೇಡ. ನ್ಯಾಯವಾಗಿ ಐದು ಪಟ್ಟು ಬರಬೇಕಾದಲ್ಲಿ ನಾಲ್ಕು ಪಟ್ಟು ಕೊಡುತ್ತಾರೆ, ಆರು ಡಾಲರಿಗೆ ಒಂದು ಅವರದೇ. ಕಾರ್ಡನ್ನು ಕೋಣೆಯಲ್ಲಿ ಬಿಟ್ಟು ನೋಟು ಮಾತ್ರ ಒಯ್ಯಿ. ಇದೆಲ್ಲ ನಿನಗೆ ಗೊತ್ತಿರಬಹುದು, ಮುದುಕನ ಮಾತು, ಬೇಸರಪಡಬೇಡ.

ರಟ್ಟೆ ಹಿಡಿದ ಆ ಗೆಳೆಯ ಈ ಸಲವೂ ಬರುತ್ತಾನೆಯೇ? ಬಂದರೆ ಹೊರಡುವ ಗಂಟೆಯನ್ನು ಮೊದಲೇ ಅವನಿಗೆ ಹೇಳಿಡು. ಆ ಕೋಣೆಯಲ್ಲಿ ನನಗೆ ಅಂಥವನೊಬ್ಬ ಇರಲಿಲ್ಲ. ಅವನು ಬರದಿದ್ದರೆ ನಾನಿದ್ದೇನೆ. ಅಲ್ಲಿ ರಾತ್ರಿ ಹನ್ನೊಂದು ಎಂದರೆ ನಮಗೆ ಮರುದಿನ ಮಧ್ಯಾಹ್ನ ಹನ್ನೆರಡೂವರೆ, ಊಟಕ್ಕೆ ಕೂರುವ ಹೊತ್ತು. ಮೊಬೈಲನ್ನು ತಾಟಿನ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ. ಹೊರಗೆ ಬಂದು ಒಂದು ಸಲ ಫೋನ್ ಮಾಡು, ಎಷ್ಟು ಹೋಯಿತು ಎಂದು ಕೇಳುವುದಿಲ್ಲ. ನೀನು ಮಾಡಿದ ಮೇಲೆ ನಿನ್ನ ಅವ್ವನ ಮನೆಗೆ ಹೋಗಿ ಆ 600 ರೂಪಾಯಿಯ ಮಾತನ್ನು ನಾನೇ ತೆಗೆಯಬೇಕೆಂದಿದ್ದೇನೆ.

ನಿನ್ನ ಮಾವ